ಬಿ ಸೈಡಿಗೆ ಅಂತ ಹಾಡಿದ್ದೇ ಹಿಟ್ ಆದ ಕತೆ ಗೊತ್ತಿದ್ದರೆ ಹೇಳಿ

ಕ್ಯಾಸೆಟ್ ಡಬ್ಬ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಮಗಳ ಸ್ಕೂಲ್ ಡೇ ಇತ್ತು. ಪುಟ್ಟ ಮಕ್ಕಳು ‘ಕುಂಗ್ ಫು ಫೈಟಿಂಗ್’ ಹಾಡಿಗೆ ಕುಣಿದರು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ‘ಇದನ್ನ ಮಾಡಿದ್ದು ನಮ್ಮ ಬೆಂಗಳೂರಿನ ಹುಡುಗ, ಅದೂ ಬಿ ಸೈಡಿಗೆ ಅಂತ’ ಅಂದರು. ಚಿಕ್ಕಂದಿನಿಂದ ಕೇಳುತ್ತಿರುವ ಹಾಡು, ಇದು ಮಾತ್ರ ಗೊತ್ತೇ ಇರಲಿಲ್ಲ. ನಿಜವಾ? ಹಾಡಿದ ಕಾರ್ಲ್ ಡಗ್ಲಸ್ ಆಮೇಲೆ ಏನಾದರು? ಹೀಗೆ ಯಾರೂ ಲೆಕ್ಕಕ್ಕಿಡದ ಹಾಡು ಗೆದ್ದ ಕತೆ ಬೇರೆ ಇದ್ದರೂ ಹೇಳಿ.
(ಚಿಕ್ಕವರಿಗೆ: ಆಗ ಸಣ್ಣ ಗ್ರಾಮಫೋನ್ ಪ್ಲೇಟಿನಲ್ಲಿ ಎರಡೇ ಹಾಡು. ಕಂಪನಿಗೆ ನಂಬಿಕೆ ಇದ್ದದ್ದು ಎ ಸೈಡಿಗೆ ಹೋಗುತ್ತಿತ್ತು. ಹಿಂಬದಿ ಖಾಲಿ ಬಿಡೋಕಾಗಲ್ಲ ಅಂತ ಹಾಕಿದ್ದು ಬಿ ಸೈಡ್.)

ಕಾಫಿ ತೋಟ:
ನಿಜ. ಅವರ ಹೆಸರು ಬಿದ್ದು ಅಪ್ಪಯ್ಯ. ಕೊಡವರು, ಹುಟ್ಟಿದ್ದು ಬೆಂಗಳೂರಿನಲ್ಲಿ. 1960ರ ದಶಕದಲ್ಲಿ ಟ್ರೋಜನ್ಸ್ ಅನ್ನುವ ಬ್ಯಾಂಡಿನಲ್ಲಿ ಬೀಟಲ್ಸ್ ಹಾಡು ಹಾಡಿಕೊಂಡಿದ್ದವರು ಆಮೇಲೆ ಲಂಡನ್ನಿಗೆ ಹೋದರು.

ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್ ಕೈಲಿ 1974ರಲ್ಲಿ ಬೇರೊಂದು ಪ್ರೇಮಗೀತೆ ರೆಕಾರ್ಡ್ ಮಾಡಿಸುತ್ತಿದ್ದರು. ಸ್ಟುಡಿಯೋ ಸಮಯವೆಲ್ಲ ಅದಕ್ಕೇ ಹೋಯಿತು. ಬಿ ಸೈಡಿಗೆ ಏನಾದರೂ ಬೇಕಲ್ಲ ಅಂತ ಕೇಳಿದಾಗ ಡಗ್ಲಸ್ ತಾವು ಬರೆದಿಟ್ಟಿದ್ದ ಕೆಲವು ಹಾಡುಗಳನ್ನ ತೋರಿಸಿದರು, ಅದರಲ್ಲಿ ಇದನ್ನ ಆರಿಸಿ, ಉಳಿದಿದ್ದ ಹತ್ತು ನಿಮಿಷದಲ್ಲಿ ಎರಡೇ ಟೇಕಿಗೆ ಮುಗಿಸಿದರು. ಬಿ ಸೈಡ್ ಅಲ್ವಾ, ಯಾರು ಕೇಳುತ್ತಾರೆ ಅಂತ ಆ ‘ಹು’ ‘ಹಾ’ ಎಲ್ಲ ಧಾರಾಳವಾಗಿ ಸೇರಿಸಿದರು. ಪೈ ರೆಕಾರ್ಡ್ಸ್‌ನ ರಾಬಿನ್ ಬ್ಲಾಂಚ್‌ಫ್ಲವರ್ ಎರಡನ್ನೂ ಕೇಳಿ, ಇದೇ ಎ ಸೈಡ್ ಆಗಲಿ ಅಂತ ಪಟ್ಟು ಹಿಡಿದರು. ಮೊದಲ ಕೆಲವು ವಾರ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಡಿಸ್ಕೋ ಕ್ಲಬ್ಬುಗಳಲ್ಲಿ ಹತ್ತಿಕೊಂಡಿತು. ಬ್ರೂಸ್ ಲೀ ಸತ್ತು ಒಂದು ವರ್ಷ ಆಗಿತ್ತು, ಎಲ್ಲ ಕಡೆ ಕುಂಗ್ ಫು ಹುಚ್ಚು ಇದ್ದ ಕಾಲ. ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನ!

ಡಗ್ಲಸ್ ಆಮೇಲೂ ಹಾಡಿದರು, ಒಂದೆರಡು ಬ್ರಿಟನ್ನಿನ ಪಟ್ಟಿಗೂ ಬಂದವು. ಆದರೆ ಜನಕ್ಕೆ ನೆನಪಿರೋದು ಇದೊಂದೇ. ಬಿದ್ದು ಅವರದು ಹಾಗಾಗಲಿಲ್ಲ. 1980ರಲ್ಲಿ ಹಿಂದಿ ಸಿನಿಮಾ ‘ಖುರ್ಬಾನಿ’ಗೆ ಹದಿನೈದು ವರ್ಷದ ನಾಜಿಯಾ ಹಸನ್ ಹಾಡಿದ ‘ಆಪ್ ಜೈಸಾ ಕೋಯಿ’ ಅವರದೇ. 1995ರ ಅಲಿಷಾ ಚಿನಾಯ್ ‘ಮೇಡ್ ಇನ್ ಇಂಡಿಯಾ’ ಕೂಡ. ನಮ್ಮೂರ ಕಡೆಯ ಮಕ್ಕಳಿಗೇ ಇವರ ಹೆಸರು ಗೊತ್ತಿಲ್ಲ ಅನ್ನೋದು ನನಗೆ ಬೇಜಾರಿನ ವಿಷಯ.

ಹಳೇ ರೇಡಿಯೋ:
ನನ್ನದು ಗ್ಲೋರಿಯಾ ಗೇನರ್ ಅವರ ‘ಐ ವಿಲ್ ಸರ್ವೈವ್’, 1978. ಇದೂ ಬಿ ಸೈಡೇ! ಕಂಪನಿಗೆ ಬೇಕಿದ್ದದ್ದು ‘ಸಬ್‌ಸ್ಟಿಟ್ಯೂಟ್’ ಅನ್ನುವ ಬೇರೆ ಹಾಡು. ಗೇನರ್ ಅವರು ಅದಕ್ಕೆ ಮುಂಚೆ ಸ್ಟೇಜ್ ಮೇಲೆ ಬಿದ್ದು ಬೆನ್ನುಮೂಳೆಗೆ ಆಪರೇಷನ್ ಆಗಿತ್ತು, ಬೆನ್ನಿಗೆ ಪಟ್ಟಿ ಕಟ್ಟಿಕೊಂಡೇ ಹಾಡಿದರು. ಆಮೇಲೆ ನ್ಯೂಯಾರ್ಕಿನ ಸ್ಟುಡಿಯೋ 54 ಕ್ಲಬ್ಬಿನ ಡಿಜೆ ಪ್ಲೇಟು ತಿರುಗಿಸಿ ಹಾಕಿದರು, ಜನ ಕುಣಿದರು, 1979ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಬಂತು. ನನಗೂ ಬೆನ್ನಿನ ಆಪರೇಷನ್ ಆಗಿದೆ. ಮೂರು ತಿಂಗಳು ಮಲಗಿದ್ದಾಗ ಈ ಕತೆ ಗೊತ್ತಾಯಿತು. ಮೊದಲು ಅದು ಸುಮ್ನೆ ಮದುವೆ ಪಾರ್ಟಿ ಹಾಡು ಅಂದುಕೊಂಡಿದ್ದೆ. ಈಗ ಶುರುವಿನ ಪಿಯಾನೋ ಕೇಳಿದರೇ ಗಂಟಲು ಕಟ್ಟುತ್ತದೆ.

ಬಿಲ್ ವಿದರ್ಸ್ ಅವರ ‘ಏಂಟ್ ನೋ ಸನ್‌ಶೈನ್’ (1971) ಕೂಡ ಬಿ ಸೈಡು. ‘ಐ ನೋ’ ಅಂತ 26 ಸಲ ಬರುತ್ತದಲ್ಲ, ಅಲ್ಲಿ ಬೇರೆ ಸಾಲು ಬರೆಯಬೇಕು ಅಂತಿದ್ದರಂತೆ. ಜೊತೆಗಿದ್ದ ವಾದ್ಯದವರು ಹೀಗೇ ಇರಲಿ ಅಂದರು.

ಎರಡನೇ ಕೌಂಟರ್:
ನನ್ನದು ‘ಟೇಂಟೆಡ್ ಲವ್’. ಎಲ್ಲರೂ ಅದು ಇಂಗ್ಲೆಂಡಿನ ಸಾಫ್ಟ್ ಸೆಲ್ ಬ್ಯಾಂಡಿನದು ಅಂದುಕೊಳ್ಳುತ್ತಾರೆ. ಮೊದಲು ಹಾಡಿದ್ದು ಗ್ಲೋರಿಯಾ ಜೋನ್ಸ್, 1960ರ ದಶಕದ ಮಧ್ಯದಲ್ಲಿ. ಮತ್ತೆ ಬಿ ಸೈಡ್! ಆಗ ಯಾರೂ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಇಂಗ್ಲೆಂಡಿನ ಉತ್ತರ ಭಾಗದ ಕ್ಲಬ್ಬುಗಳಲ್ಲಿ, ಹಳೇ ಅಮೆರಿಕನ್ ಪ್ಲೇಟು ಹುಡುಕಿ ತಂದು ಹಾಕುವ ಡಿಜೆಗಳ ಕೈಗೆ ಸಿಕ್ಕಿತು. ಅಲ್ಲಿಂದ ಸಾಫ್ಟ್ ಸೆಲ್ ಎತ್ತಿಕೊಂಡು 1981ರಲ್ಲಿ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಬಂದರು, ಅಮೆರಿಕದ ಪಟ್ಟಿಯಲ್ಲಿ 43 ವಾರ ಇದ್ದರು. ಆದರೆ ಅವರು ಒಂದು ತಪ್ಪು ಮಾಡಿದರು. ಹಿಂಬದಿಗೂ ಬೇರೆಯವರ ಹಾಡನ್ನೇ ಹಾಕಿದರು. ಪ್ಲೇಟು ಮಾರಿದಾಗ ಹಾಡು ಬರೆದವರಿಗೆ ಹೋಗುವ ರಾಯಲ್ಟಿ ಎರಡೂ ಕಡೆಗೆ ಸಮ, ಬಿ ಸೈಡನ್ನ ಯಾರೂ ಕೇಳದಿದ್ದರೂ. ಸ್ವಂತದ್ದು ಒಂದು ಹಾಕಿದ್ದರೆ ಅಷ್ಟು ದುಡ್ಡಿನಲ್ಲಿ ಅವರಿಗೂ ಪಾಲು ಬರುತ್ತಿತ್ತು. ಇದನ್ನ ಓದಿದಾಗ ನನಗೆ ನಿಜವಾಗಲೂ ಹೊಟ್ಟೆ ಉರಿಯಿತು.

ಒಂದು ಮಾತು ಗಮನಿಸಿ, ‘ಕುಂಗ್ ಫು’, ಗೇನರ್, ಜೋನ್ಸ್, ಈ ಮೂರನ್ನೂ ಎತ್ತಿದ್ದು ಕ್ಲಬ್ಬಿನ ಡಿಜೆಗಳು. ಎದುರಿಗೇ ಜನ ಕುಣಿಯುತ್ತಿರುತ್ತಾರೆ, ಯಾವ ಹಾಡಿಗೆ ಕಾಲು ಏಳುತ್ತದೆ ಅಂತ ಅವರಿಗೆ ಕಂಪನಿಗಿಂತ ಮೊದಲೇ ಗೊತ್ತಾಗುತ್ತದೆ.

ಕ್ಯಾಸೆಟ್ ಡಬ್ಬ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಮಗಳಿಗೆ ಆ ಹತ್ತು ನಿಮಿಷದ ಕತೆ ಹೇಳಿದೆ. ‘ಹಾಗಾದರೆ ಮೊದಲನೇ ಹಾಡು ಪಾಪ ಏನಾಯಿತು, ಅದನ್ನೂ ಹಾಕು’ ಅಂದಳು. ಹುಡುಕಿ ಹಾಕಿದೆ. ಇಬ್ಬರೂ ಪೂರ್ತಿ ಕೇಳಿದೆವು. ಚೆನ್ನಾಗಿಯೇ ಇದೆ.