ಬೆಂಗಳೂರು ಪೇಟೆ: ಹಳೇ ಊರಿನ ಗುರುತು ಎಲ್ಲಿ ಹುಡುಕೋದು?

ಪ್ರಶ್ನೆ (ಹೊಸಬ_ನಡಿಗೆ):
ಚಿಕ್ಕಪೇಟೆ ಅಂದ್ರೆ ಸೀರೆ ಅಂಗಡಿ, ಅಷ್ಟೇ ಗೊತ್ತು. ಕೆಂಪೇಗೌಡರ ಕಾಲದ್ದು ಏನಾದ್ರೂ ಉಳಿದಿದೆಯಾ? ಒಂದೇ ಬೆಳಿಗ್ಗೆ ನೋಡೋದಾದ್ರೆ ಎಲ್ಲಿಂದ ಶುರು ಮಾಡಲಿ? ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆ ಅವರದ್ದೇ ತಾನೆ?

ಗಲ್ಲಿಗುಬ್ಬಿ:
ಕಟ್ಟಡ ಹುಡುಕಬೇಡಿ, ಬೀದಿ ನೋಡಿ. 1537ರ ಊರಿನ ನಡುಮಧ್ಯ ದೊಡ್ಡಪೇಟೆ ಚೌಕ. ನಾಲ್ಕು ದಿಕ್ಕಿಗೂ ಎತ್ತು ಹೂಡಿ ಬೀದಿಗೆ ಗೆರೆ ಎಳೆಸಿದ್ದು ಇಲ್ಲಿಂದಲೇ ಅಂತ ಪ್ರತೀತಿ. ಉತ್ತರ-ದಕ್ಷಿಣದ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಪಶ್ಚಿಮಕ್ಕೆ ಚಿಕ್ಕಪೇಟೆ, ಪೂರ್ವಕ್ಕೆ ನಗರ್ತಪೇಟೆ ದಾಟಿದ್ರೆ ಹಲಸೂರು ಗೇಟ್. ಬಾಗಿಲು ಹೋಗಿ ಹೆಸರು ಉಳಿದಿದೆ.

ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಮಾರ್ಕೆಟ್‌ವರೆಗೆ ಸುಮಾರು ಒಂದು ಕಿಲೋಮೀಟರ್. ಒಂಬತ್ತರೊಳಗೆ ನಡೀರಿ. ಶಟರ್ ಎದ್ದ ಮೇಲೆ ತಳ್ಳುಗಾಡಿ, ಮೂಟೆ ಹೊತ್ತವರು. ತಲೆ ಎತ್ತೋಕೂ ಆಗಲ್ಲ. ನೋಡಬೇಕಾದ್ದು ಮೇಲೇ ಇದೆ: ಬೋರ್ಡಿನ ಹಿಂದೆ ಮರದ ಕಂಬದ ಜಗಲಿ, ಕಬ್ಬಿಣದ ಕಟಕಟೆ. ಮುಂದೆ ಹತ್ತಡಿ ಕಾಣೋ ಅಂಗಡಿ ಒಳಗೆ ಎಷ್ಟೋ ದೂರ ಹೋಗುತ್ತೆ.

ಹೆಸರು ನಂಬಿ ಸಾಮಾನಿಗೆ ಹೋಗಬೇಡಿ. ಅಕ್ಕಿಪೇಟೆಯಲ್ಲಿ ಈಗ ಔಷಧಿ ಹೋಲ್‌ಸೇಲ್. ಗಾಣಿಗರಪೇಟೆ, ಕುಂಬಾರಪೇಟೆ ಕಸುಬಿನ ಹೆಸರುಗಳು. ಕಬ್ಬನ್‌ಪೇಟೆ ಮಾತ್ರ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ (ಆಡಳಿತ 1834-1861) ಹೆಸರಿನದು, ಅಂದ್ರೆ ತೀರಾ ಈಚಿನದು.

ಮಣ್ಣುಕೋಟೆ:
ಕೋಟೆ ವಿಚಾರದಲ್ಲಿ ಎಲ್ಲರೂ ಎಡವುತ್ತಾರೆ. ಪೇಟೆಗೆ ಸುತ್ತಲೂ ಇದ್ದ ಗೋಡೆ, ಕಂದಕ ಪೂರಾ ಹೋಗಿದೆ. ಮಾರ್ಕೆಟ್ ಪಕ್ಕದ ಕಲ್ಲಿನ ಕೋಟೆ ಬೇರೆ, ಅದನ್ನ ಕಲ್ಲಲ್ಲಿ ಕಟ್ಟಿಸಿದ್ದು ಹೈದರಾಲಿ. 1791ರ ಮಾರ್ಚ್ 7ಕ್ಕೆ ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ಹಲಸೂರು ಬಾಗಿಲು ಒಡೆದು ಪೇಟೆ ಹಿಡೀತು; ಕೋಟೆ ಬಿದ್ದದ್ದು 21ಕ್ಕೆ. ಕೋಟೆ ಗೋಡೆ ಮೇಲಿನ ಕಲ್ಲುಹಲಗೆಯಲ್ಲಿರೋದು ಈ 21ರ ತಾರೀಕು. ಅದನ್ನ ಓದಿ ಪೇಟೆ ಬಿದ್ದ ದಿನ ಅಂತ ಬರೆಯೋರು ಬೇಕಾದಷ್ಟು ಜನ!

ಮಾರ್ಕೆಟ್ ನಿಂತಿರೋದು ಸಿದ್ದಿಕಟ್ಟೆ ಕೆರೆ ಜಾಗದಲ್ಲಿ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಧರ್ಮಾಂಬುಧಿ ಕೆರೆ ಅಂಗಳದಲ್ಲಿ. ಮಳೆಗೆ ಇಲ್ಲೆಲ್ಲ ನೀರು ನಿಲ್ಲೋದು ನೋಡಿದ್ರೆ ಜಾಗಕ್ಕೆ ಹಳೇ ನೆನಪು ಹೋಗಿಲ್ಲ ಅನ್ಸುತ್ತೆ.

ಗಲ್ಲಿಗುಬ್ಬಿ:
ತಾರೀಕು ಸರಿ ಸರ್. ಪ್ರಶ್ನೆ ಕೇಳಿದವರಿಗೆ ಇನ್ನೊಂದು: ಪೇಟೆ ಒಂದೇ ಊರು ಅನ್ನೋದು ಕಾಣೋದು ಚೈತ್ರ ಹುಣ್ಣಿಮೆ ರಾತ್ರಿ. ಕರಗ ತಿಗಳರಪೇಟೆ ಧರ್ಮರಾಯನ ಗುಡಿಯಿಂದ ಹೊರಟು ಕಾಟನ್‌ಪೇಟೆಯ ಮಸ್ತಾನ್ ದರ್ಗಾಕ್ಕೂ ಹೋಗುತ್ತೆ. ಅವತ್ತು ಗಾಡಿ ತರಬೇಡಿ, ಚಿಕ್ಕಪೇಟೆ ಮೆಟ್ರೋದಲ್ಲಿ ಬನ್ನಿ. ಕರಗ ಹೊರಡೋ ಹೊತ್ತಿಗೆ ಮಧ್ಯರಾತ್ರಿ ದಾಟಿರುತ್ತೆ, ವಾಪಸ್ ಹೋಗೋಕೆ ಬೆಳಗಿನ ಮೊದಲ ರೈಲೇ ಗತಿ.