ವಾಲ್ವ್ ಸ್ಪೂಲ್ ಟೇಪಿನ ಆಂಪ್ಲಿಫೈಯರ್: ಕೇಳಿ, ಮೆಕ್ಯಾನಿಕ್ ಉತ್ತರಿಸ್ತಾರೆ

ಶಿವಮೊಗ್ಗದಿಂದ: ಸರ್, ಹಳೇ ಜರ್ಮನ್ ಸ್ಪೂಲ್ ಟೇಪ್ ರೆಕಾರ್ಡರ್ ಸೆಟ್. ವಾಲ್ವ್‌ಗಳು ಇಎಫ್86, ಇಸಿಸಿ83, ಇಎಲ್84 (ಸ್ಪೀಕರ್ ನಡೆಸೋದು), ಇಝಡ್80 (ಎಸಿನ ಡಿಸಿ ಮಾಡೋದು). ಹತ್ತು ನಿಮಿಷಕ್ಕೆ ದನಿ ಒಡೆಯುತ್ತೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬಿಸಿಗೆ ಮುಟ್ಟಕ್ಕಾಗಲ್ಲ. ಇಎಲ್84 ಕ್ಯಾಥೋಡಲ್ಲಿ 10.5 ವೋಲ್ಟ್. ವಾಲ್ವ್ ಹೋಯ್ತಾ?

ಉತ್ತರ: ಮೊದಲು ಸೆಟ್ ಆಫ್ ಮಾಡಿ, ಆಮೇಲೆ ಓದಿ. ಕ್ಯಾಥೋಡ್ ರೆಸಿಸ್ಟರ್ 135 ಓಮ್ ಆದ್ರೆ 10.5 ವೋಲ್ಟ್ ಅಂದ್ರೆ 78 ಮಿಲಿಆಂಪ್. ಇರಬೇಕಾದ್ದು 7.3 ವೋಲ್ಟ್, 54 ಮಿಲಿಆಂಪ್ ಆಸುಪಾಸು. ಪ್ಲೇಟ್ ತಡೆಯೋದು 12 ವ್ಯಾಟ್. 250 ವೋಲ್ಟ್ ಸಪ್ಲೈ ಇದ್ರೆ ನಿಮ್ಮದು 15 ದಾಟಿದೆ. ವಾಲ್ವ್ ಇನ್ನೊಂದು ಸಿಗುತ್ತೆ, ಆ ಟ್ರಾನ್ಸ್‌ಫಾರ್ಮರ್ ಸಿಗಲ್ಲ. ಆಫ್ ಇದ್ದಾಗ ಆ ರೆಸಿಸ್ಟರನ್ನೂ ಅಳೆಯಿರಿ. ಸುಟ್ಟು 200 ಓಮ್ ಆಗಿದ್ರೆ ಈ ಲೆಕ್ಕವೇ ಬೇರೆ.

ನನ್ನ ಅನುಮಾನ ಇಎಲ್84ರ 2ನೇ ಪಿನ್‌ಗೆ, ಅಂದ್ರೆ ಕರೆಂಟ್ ಹತೋಟಿ ಮಾಡೋ ಗ್ರಿಡ್‌ಗೆ, ಬರೋ ಮೇಣದ ಪೇಪರ್ ಕಂಡೆನ್ಸರ್ ಮೇಲೆ. ಅದು ಸೋರಿದ್ರೆ ಹಿಂದಿನ ವಾಲ್ವಿನ ಪ್ಲೇಟ್ ವೋಲ್ಟೇಜ್ ಗ್ರಿಡ್‌ಗೆ ಇಳಿದು ಕರೆಂಟ್ ಏರುತ್ತೆ. ಪ್ಲೇ ಮೋಡಲ್ಲಿ ಚಾಸಿಗೂ 2ನೇ ಪಿನ್‌ಗೂ ಮೀಟರ್ ಹಿಡೀರಿ, ಸೊನ್ನೆ ಇರಬೇಕು. ಪಿನ್ ಎಣಿಸೋದು ಕೆಳಗಿಂದ, ಖಾಲಿ ಜಾಗದಿಂದ ಗಡಿಯಾರದ ದಿಕ್ಕಲ್ಲಿ. ಅರ್ಧ ವೋಲ್ಟ್ ಪ್ಲಸ್ ಕಂಡ್ರೂ ಆಫ್ ಮಾಡಿ, ಫಿಲ್ಟರ್ ಕಂಡೆನ್ಸರನ್ನ 10 ಕಿಲೋಓಮ್ 5 ವ್ಯಾಟ್ ರೆಸಿಸ್ಟರಲ್ಲಿ ಡಿಸ್‌ಚಾರ್ಜ್ ಮಾಡಿ, ಮೀಟರಲ್ಲಿ ಸೊನ್ನೆ ನೋಡ್ಕೊಂಡು, ಗ್ರಿಡ್ ಕಡೆ ಕಾಲು ಬಿಚ್ಚಿ. ಮತ್ತೆ ಆನ್ ಮಾಡಿದಾಗ ಪಿನ್ ಸೊನ್ನೆಗೆ ಬಂತು ಅಂದ್ರೆ ಕಂಡೆನ್ಸರ್ ತಪ್ಪು. ಬಿಸಿ ಏರಿದ ಹಾಗೆ ಪ್ಲಸ್ ಏರ್ತಾ ಹೋದ್ರೆ ವಾಲ್ವಿನದ್ದೇ ಗ್ರಿಡ್ ಕರೆಂಟ್. ಹೊಸದು 0.022 ಮೈಕ್ರೋಫ್ಯಾರಡ್, 630 ವೋಲ್ಟ್ ಪಾಲಿಯೆಸ್ಟರ್ ಹಾಕಿ.

ಧಾರವಾಡದಿಂದ: ನಮ್ಮ ಸೆಟ್ ಗುಂಯ್ ಅಂತದ್ರಿ. 220 ಮೈಕ್ರೋಫ್ಯಾರಡ್ ಹಾಕ್ರಿ ಅಂತ ಫಾರ್ವರ್ಡ್ ಬಂದದ. ಸ್ಕ್ರೂಡ್ರೈವರ್ ಇಟ್ಟು ಡಿಸ್‌ಚಾರ್ಜ್ ಮಾಡ್ರಿ ಅಂತಾನೂ ಅದರಾಗ ಅದ.

ಉತ್ತರ: ಎರಡೂ ಬೇಡ. ಇಝಡ್80 ಮುಂದೆ ಮೊದಲ ಕಂಡೆನ್ಸರ್ 50 ಮೈಕ್ರೋಫ್ಯಾರಡ್ ದಾಟಬಾರದು. ದಾಟಿದ್ರೆ ಆನ್ ಮಾಡಿದಾಗಿನ ಏಟಿಗೆ ಒಳಗೆ ಕಿಡಿ ಹಾರುತ್ತೆ. ಮೊದಲಿದ್ದ ಬೆಲೆಯದ್ದೇ ಹೊಸದು ಹಾಕಿ. ಸ್ಕ್ರೂಡ್ರೈವರ್ ಫಾರ್ವರ್ಡ್ ಡಿಲೀಟ್ ಮಾಡಿ.

ಮೈಸೂರಿಂದ: ರೆಕಾರ್ಡ್ ಮಾಡಿದ್ರೆ ಹಿಂದಿನ ಹಾಡೂ ಕೇಳುತ್ತೆ. ಪ್ಲೇ ಚೆನ್ನಾಗಿದೆ.

ಉತ್ತರ: ಇಂಥ ಸೆಟ್‌ಗಳಲ್ಲಿ ಹೆಚ್ಚಾಗಿ ರೆಕಾರ್ಡ್ ಮೋಡಲ್ಲಿ ಅದೇ ಇಎಲ್84 ಆಸಿಲೇಟರ್ ಆಗುತ್ತೆ, ಹಳೇ ಹಾಡು ಅಳಿಸೋ ಕರೆಂಟೂ ರೆಕಾರ್ಡ್ ಹೆಡ್ಡಿನ ಬಯಾಸ್ ಕರೆಂಟೂ ಅದರಿಂದಲೇ. ಮೊದಲು ಮೋಡ್ ಸ್ವಿಚ್ ಕ್ಲೀನ್ ಮಾಡಿ. ಆಮೇಲೆ ರೆಕಾರ್ಡ್ ಹೆಡ್ಡಿನ ಚಾಸಿ ಕಡೆ ವೈರಲ್ಲಿ 100 ಓಮ್ ಸೇರಿಸಿ, ಆಸಿಲೋಸ್ಕೋಪಲ್ಲಿ ಬಯಾಸ್ ನೋಡಿ. 100 ಮಿಲಿವೋಲ್ಟ್‌ಗೆ 1 ಮಿಲಿಆಂಪ್. ಸಾಧಾರಣ ಮಲ್ಟಿಮೀಟರ್ 50 ಕಿಲೋಹರ್ಟ್ಜ್ ಓದಲ್ಲ.

ಹಾಸನದಿಂದ: ಮ್ಯಾಜಿಕ್ ಐ (ರೆಕಾರ್ಡ್ ಮಟ್ಟ ತೋರಿಸೋ ಬೆಳಕಿನ ವಾಲ್ವ್) ಇಎಂ84 ಮಂಕಾಗಿದೆ, ಎಲ್ಲಿ ಸಿಗುತ್ತೆ?

ಬೆಂಗಳೂರಿಂದ: ಏನೇ ಇರಲಿ, ಮೊದಲು ಮೇನ್ಸ್ ವೈರಲ್ಲಿ ಸೆಟ್ ಜೊತೆ ಸೀರೀಸ್ ಬಲ್ಬ್ ಹಾಕಿ ನೋಡಿ. 9 ವ್ಯಾಟ್ ಎಲ್‌ಇಡಿ ಸಾಕು.

ಧಾರವಾಡದಿಂದ: ಎಲ್‌ಇಡಿ ಹಾಕಿದ್ರ ಏನ್ ತಿಳೀತದ್ರಿ? ತಂತಿ ಬಲ್ಬ್ ಬೇಕು, 100 ವ್ಯಾಟ್.

ಬೆಂಗಳೂರಿಂದ: ತಂತಿ ಬಲ್ಬ್ ಈಗ ಯಾರಪ್ಪ ಮಾರ್ತಾರೆ? ನಂದು ಉರಿಯುತ್ತೆ, ಸಾಕಲ್ಲ.

ಧಾರವಾಡದಿಂದ: ಉರಿಯೂದಕ್ಕ ಶಾರ್ಟ್ ಬೇಕಿಲ್ರೀ, ಸ್ವಲ್ಪ ಕರೆಂಟ್ ಹರಿದ್ರೂ ಉರೀತದ. ತಿಳೀದಿದ್ರ ಸುಮ್ನಿರ್ರಿ.

ಉತ್ತರ: ತಂತಿ ಬಲ್ಬೇ. ಪೂರ್ತಿ ಉರಿದು ನಿಂತ್ರೆ ಶಾರ್ಟ್. ಅದು ಸೀರೀಸಲ್ಲಿ ಇರುವಾಗ ವೋಲ್ಟೇಜ್ ಓದಿ ನನಗೆ ಕಳಿಸಬೇಡಿ.

ತುಮಕೂರಿಂದ: ಸರ್, ಗುಂಯ್ ಶಬ್ದಕ್ಕೆ 220 ಹಾಕಬಹುದಾ?

ಉತ್ತರ: ಮೇಲೆ ಓದಿ.

ಶಿವಮೊಗ್ಗದಿಂದ: 2ನೇ ಪಿನ್ 3.8 ವೋಲ್ಟ್. ಕಾಲು ಬಿಚ್ಚಿದೆ, ಸೊನ್ನೆ. ಕ್ಯಾಥೋಡ್ 7.1ಕ್ಕೆ ಬಂತು.

ಉತ್ತರ: ಕಂಡೆನ್ಸರ್ರೇ. ಉಳಿದ ಪೇಪರ್ ಕಂಡೆನ್ಸರ್‌ಗಳನ್ನೂ ಬದಲಾಯಿಸಿ, ಒಂದು ಸಲಕ್ಕೆ ಒಂದು.