ಪದ ಬೇಕು: ಬಾಗಿದ ಘನಾಕೃತಿಯನ್ನು ‘ಪಾರ್ಟಿಷನ್’ ಮಾಡುವುದಕ್ಕೆ

> ಮೆಶ್ ಮಾಡುವ, ಅಂದರೆ ಆಕೃತಿಯನ್ನು ಲೆಕ್ಕಕ್ಕಾಗಿ ಸಣ್ಣ ತುಣುಕುಗಳ ಬಲೆಯಾಗಿಸುವ, ಸಾಫ್ಟ್‌ವೇರ್ ಒಂದರ ಮೆನುವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದಕ್ಕೂ ಮೊದಲು ಆಕೃತಿಯನ್ನು ಒಳಗೇ ಭಾಗ ಮಾಡುವ ‘ಪಾರ್ಟಿಷನ್’ ಬಟನ್‌ಗೆ ಒಂದೇ ಪದ ಬೇಕು, ನಾಳೆ ಬೆಳಿಗ್ಗೆ ಕೊಡಬೇಕು. ‘ಸೀಳು’ ಸರಿಯಾ?

>> ‘ವಿಭಜನೆ’ ಇರುವಾಗ ಚರ್ಚೆ ಯಾಕೆ?

‘ಸೀಳು’ ಖಂಡಿತ ಬೇಡ. ಸೀಳಿದರೆ ಎರಡೂ ಭಾಗ ಬೇರೆಬೇರೆ ಆಗುತ್ತವೆ. ಇಲ್ಲಿ ಹಾಗಾಗಬಾರದು, ಅಲ್ವಾ? ನಡುವಿನ ಮುಖ ಒಂದೇ ಇರಬೇಕು. ಅದರ ಮೇಲಿನ ನೋಡ್‌ಗಳು (ತುಣುಕುಗಳು ಕೂಡುವ ಬಿಂದುಗಳು) ಎರಡೂ ಕಡೆಗೆ ಸೇರಿರಬೇಕು. ಇಲ್ಲದಿದ್ದರೆ ಅಲ್ಲಿ ಬಿರುಕು ಬಿಟ್ಟ ಹಾಗೆಯೇ. ಬೇರೆ ಜೋಡಣೆ ಕೊಡದ ಹೊರತು ಈ ಕಡೆಯ ಬಲ ಆ ಕಡೆಗೆ ದಾಟುವುದಿಲ್ಲ. ಬಟನ್ ಮೇಲೆ ‘ಸೀಳು’ ಅಂತ ಬರೆದರೆ ಅದೇ ತಪ್ಪಿಗೆ ದಾರಿ ತೋರಿಸಿದಂತೆ.

‘ತುಂಡು’, ‘ಹೋಳು’ ಕೂಡ ಅದೇ ಜಾತಿ. ಹಳಗನ್ನಡದ ‘ಪೋೞ್’ ಅಂದರೇ ಸೀಳು. ಇವತ್ತಿನ ಹೋಳು ಅದರ ಮಗು.

ನನ್ನ ಪದ ‘ಅಂಕಣ’. ಕಂಬದಿಂದ ಕಂಬಕ್ಕೆ ಇರುವ ಜಾಗ. ಒಂದು ಅಂಕಣ ಮುಗಿದಲ್ಲೇ ಇನ್ನೊಂದು ಶುರು, ನಡುವಿನ ಕಂಬ ಎರಡಕ್ಕೂ ಸೇರಿದ್ದು. ಸಿಲಿಂಡರ್ ತೆಗೆದುಕೊಳ್ಳಿ. ಅಕ್ಷದ ಮೂಲಕ ಎರಡು ಸಮತಲ ಹಾಯಿಸಿ ನಾಲ್ಕು ಭಾಗ ಮಾಡಿದರೆ ಪ್ರತಿಯೊಂದೂ ನಡುವಿನಲ್ಲಿ ಚೂಪಾಗುತ್ತದೆ. ಸಾಲಾಗಿ ಕೂರಿಸಿದ ಆರು ಮುಖದ ಎಲಿಮೆಂಟ್‌ಗಳು (ಮೆಶ್‌ನ ತುಣುಕುಗಳು) ಆ ಮೊನೆಯಲ್ಲಿ ಕೆಡುತ್ತವೆ. ಅದಕ್ಕೇ ನಡುವೆ ಚೌಕದ ತಿರುಳಿಟ್ಟು ಸುತ್ತ 4 ಅಂಕಣ ಹಾಕುತ್ತಾರೆ, ಒಟ್ಟು 5. ಗೋಳವಾದರೆ ನಡುವೆ ಒಂದು ಘನ (ಕ್ಯೂಬ್), ಸುತ್ತ 6, ಒಟ್ಟು 7. ಎಲ್ಲೂ ಏನನ್ನೂ ಕತ್ತರಿಸಿ ತೆಗೆದಿಲ್ಲ. ಆಕೃತಿ ಇಡಿಯಾಗಿಯೇ ಇದೆ, ಒಳಗೆ ಗೋಡೆ ಬಂದಿದೆ ಅಷ್ಟೇ.

ಪತ್ರಿಕೆಯ ಅಂಕಣದ ಜೊತೆ ಗೊಂದಲ ಆಗುತ್ತದೆ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ಆಗುವುದಿಲ್ಲ. ಅಲ್ಲೂ ಪುಟ ಒಂದೇ, ಕಾಲಂ ಬೇರೆ.

‘ವಿಭಜನೆ’ ಸುಲಭಕ್ಕೆ ಸಿಗುವ ಪದ. ಜೀವಕೋಶಕ್ಕೂ ಅದೇ, ದೇಶಕ್ಕೂ ಅದೇ. ಇದೇ ಮೆನುವಿನಲ್ಲಿ ಮುಂದೆ ಮೆಶ್ಶನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚುವ ಆಯ್ಕೆ ಬಂದರೆ ಆಗ ಯಾವ ಪದ ಹುಡುಕುತ್ತೀರಿ? ಅದನ್ನು ಅಲ್ಲಿಗೆ ಉಳಿಸಿಕೊಳ್ಳಿ.

‘ಮೆಶ್’ ಮಾತ್ರ ಹಾಗೇ ಇರಲಿ. ‘ಜಾಲ’ ಅಂದರೆ ಜನ ಇಂಟರ್ನೆಟ್ ಅಂದುಕೊಳ್ಳುತ್ತಾರೆ. ಹೊರಗಿನ ಪದ ಬಂದರೆ ನನಗೆ ಬೇಸರವಿಲ್ಲ. ನಮ್ಮಲ್ಲಿ ಏನಿದೆ ಅಂತ ನೋಡದೆ ಸುಮ್ನೆ ಎರವಲು ತರುವುದಕ್ಕೆ ಬೇಸರ, ಅದು ಇಂಗ್ಲಿಷಿನಿಂದಾಗಲಿ ಸಂಸ್ಕೃತದಿಂದಾಗಲಿ.

ಬಟನ್‌ಗೆ ‘ಅಂಕಣಿಸು’ ಹಾಕಿ. ನಾಲ್ಕೇ ಅಕ್ಷರ, ಜಾಗವೂ ಸಾಲುತ್ತದೆ.